ಎಡಚಿಯಾದ ನನಗೂ ಕ್ರೋಶಾ ಕಲಿಸಿದ ತಿಲಕವಾಡಿಯ ತರಗತಿ

ನಾನು ಎಡಚಿ. ಹಿಂದೆ ಇಬ್ಬರ ಬಳಿ ಕ್ರೋಶಾ, ಅಂದರೆ ಕೊಕ್ಕೆಸೂಜಿಯಿಂದ ದಾರ ಹೆಣೆಯುವುದನ್ನು, ಕಲಿಯಲು ಹೋಗಿದ್ದೆ. ಇಬ್ಬರೂ ಸೂಜಿಯನ್ನು ಬಲಗೈಯಲ್ಲೇ ಹಿಡಿಯಬೇಕೆಂದು ಹಟ ಹಿಡಿದಿದ್ದರಿಂದ ಬಿಟ್ಟು ಬಂದೆ. ಬೆಳಗಾವಿಯ ತಿಲಕವಾಡಿಯಲ್ಲಿ ಒಬ್ಬರು ಮನೆಯಲ್ಲೇ ನಡೆಸುವ ಎಂಟು ದಿನಗಳ ತರಗತಿಗೆ 1,200 ರೂಪಾಯಿ ಕಟ್ಟುವಾಗಲೂ ಅದೇ ಅಳುಕು ಇತ್ತು. ಅಲ್ಲಿ ಕಲಿಸುವವರನ್ನು ಎಲ್ಲರೂ ಅಕ್ಕೋರು ಎನ್ನುತ್ತಾರೆ. ಅವರು ನನ್ನ ಕೈ ನೋಡಿದವರೇ ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತು, “ಕನ್ನಡಿ ನೋಡಿದ ಹಾಗೆ ನನ್ನ ಕೈ ನೋಡು ತಂಗಿ” ಎಂದರು. ಅವರ ಬಲಗೈ ಆಡಿದಂತೆ ನನ್ನ ಎಡಗೈ ಆಡಿತು. ಅರ್ಧ ಗಂಟೆಯಲ್ಲಿ ಸರಪಳಿ ಬಂತು. ಅಂದು ಮನೆಗೆ ಬಂದು ಊಟ ಮಾಡುವುದನ್ನೂ ಮರೆತು ಹೆಣೆದೆ.

ಹೆಣಿಗೆಗಳ ಹೆಸರುಗಳನ್ನು ಅವರು ಮರಾಠಿಯಲ್ಲೇ ಹೇಳುತ್ತಾರೆ: ಸಾಖಳಿ (ಸರಪಳಿ), ಮುಕಾ ಖಾಂಬ, ಖಾಂಬ (ಕಂಬದಂತೆ ನಿಲ್ಲುವ ಹೆಣಿಗೆ). ಇದರಿಂದ ದೊಡ್ಡ ಗೊಂದಲವೊಂದು ತಪ್ಪುತ್ತದೆ. ಅಮೆರಿಕದವರು ಸಿಂಗಲ್ ಕ್ರೋಶೆ ಎನ್ನುವ ಹೆಣಿಗೆಯನ್ನೇ ಬ್ರಿಟನ್ನಿನವರು ಡಬಲ್ ಕ್ರೋಶೆ ಎನ್ನುತ್ತಾರೆ. ಮೊಬೈಲಿನಲ್ಲಿ ನೋಡಿ ಕಲಿಯಲು ಹೋಗಿ ನಾನು ತಿಂಗಳುಗಟ್ಟಲೆ ತಬ್ಬಿಬ್ಬಾದದ್ದು ಇಲ್ಲಿಯೇ. ಮುಕಾ ಖಾಂಬ ಎಂದರೆ ಗಿಡ್ಡ ಕಂಬ, ಅಷ್ಟೇ.

ನಾನು ಹೆಣೆದ ಪಟ್ಟಿ ಮೇಲೆ ಹೋದಂತೆ ಕಿರಿದಾಗುತ್ತಿತ್ತು. ಇಪ್ಪತ್ತು ಖಾಂಬಗಳಿಂದ ಶುರುವಾದದ್ದು ಆರು ಸಾಲು ಹೆಣೆಯುವಷ್ಟರಲ್ಲಿ ಹದಿನಾಲ್ಕಕ್ಕೆ ಇಳಿದಿತ್ತು. ಅಕ್ಕೋರು ಬೈಯಲಿಲ್ಲ, ಎಣಿಸಲು ಹೇಳಿದರು. ಸಾಲು ತಿರುಗಿಸುವಾಗ ಹಾಕುವ ಮೂರು ಸಾಖಳಿಗಳೇ ಹೊಸ ಸಾಲಿನ ಮೊದಲ ಖಾಂಬ. ಮರಳಿ ಬರುವಾಗ ಕೊನೆಯ ಖಾಂಬವನ್ನು ಅದರ ತಲೆಯ ಮೇಲೆಯೇ ಹೆಣೆಯಬೇಕು. ನಾನು ಪ್ರತಿ ಸಲವೂ ಅದನ್ನು ಬಿಟ್ಟು ತಿರುಗಿಸುತ್ತಿದ್ದೆ. ಅಲ್ಲಿಗೊಂದು ಪಿನ್ನು ಸಿಕ್ಕಿಸಿಕೊಟ್ಟರು. ಅಂದಿನಿಂದ ಅಂಚು ನೇರವಾಯಿತು. ಕಟ್ಟಿದ ಹಣ ಈ ಒಂದು ಪಾಠಕ್ಕೇ ಸಂದಿತು ಎನ್ನುತ್ತೇನೆ.

ತಪ್ಪಿದ ಹೆಣಿಗೆಯನ್ನು ಬಿಚ್ಚಿಸುವುದರಲ್ಲಿ ಅವರಿಗೆ ಸಂಕೋಚವೇ ಇಲ್ಲ. ಕೆಲವರಿಗೆ ಕಣ್ಣಲ್ಲಿ ನೀರು ಬಂತು. ನನಗೆ ಮಾತ್ರ ಅದು ಸಮಾಧಾನದ ಸಂಗತಿ. ವಡಗಾವಿಯ ನೇಕಾರರ ಮನೆಯಲ್ಲಿ ಬೆಳೆದವಳು ನಾನು. ಹಾಸಿನ ಒಂದು ಎಳೆ ಹರಿದರೆ ಅಪ್ಪ ಮಗ್ಗ ನಿಲ್ಲಿಸಿ ಗಂಟು ಹಾಕುತ್ತಿದ್ದರು. ಕ್ರೋಶಾದಲ್ಲಿ ಹಾಸಿಲ್ಲ, ಹೊಕ್ಕಿಲ್ಲ. ಇರುವುದು ಒಂದೇ ದಾರ. ತಪ್ಪಿದ ಜಾಗದವರೆಗೆ ಎಳೆದು, ಉಳಿದ ಕುಣಿಕೆಗೆ ಸೂಜಿ ಹಾಕಿದರೆ ಕೆಲಸ ಮತ್ತೆ ಮುಂದುವರಿಯುತ್ತದೆ.

ಶುಲ್ಕದ ಜೊತೆ ಕೊಡುವ ಸಾಮಾನು ಮಾತ್ರ ಹೊಸಬರಿಗೆ ತಕ್ಕದ್ದಲ್ಲ. ಕಡುನೀಲಿ ಬಣ್ಣದ, ಜುಂಗು ಏಳುವ ಉಣ್ಣೆ. ಸಂಜೆಯ ದೀಪದಲ್ಲಿ ಯಾವುದು ಕುಣಿಕೆ, ಯಾವುದು ಎಳೆ ಎಂದೇ ತಿಳಿಯದು. ಸೂಜಿಯೂ ಸಪೂರ. ಮೂರನೇ ದಿನ ಖಡೇ ಬಜಾರಿಗೆ ಹೋಗಿ 5 ಮಿ.ಮೀ. ಸೂಜಿ ಮತ್ತು ತಿಳಿಹಳದಿ ಬಣ್ಣದ ನುಣುಪಾದ ದಾರ ತಂದೆ. ಸೇರುವವರು ಮೊದಲೇ ತೆಗೆದುಕೊಂಡು ಹೋಗಿ. ಒಂದೇ ಕೋಣೆಯಲ್ಲಿ ಹತ್ತು ಜನ ಕೂರುವುದರಿಂದ ಬೇಗ ಹೋಗಿ ಕಿಟಕಿಯ ಪಕ್ಕದ ಜಾಗ ಹಿಡಿಯುವುದೂ ಒಳ್ಳೆಯದು.

ನಾನು ಸೇರಿದ್ದೇ ಅವ್ವನ ಹಳೆಯ ಬಾಗಿಲ ತೋರಣ ಸರಿಪಡಿಸಲು. ಅದು ಸಣ್ಣ ಹತ್ತಿ ದಾರದ್ದು; ಖಾಲಿ ಚೌಕ, ತುಂಬಿದ ಚೌಕಗಳಲ್ಲಿ ಗಿಣಿಗಳನ್ನು ಮೂಡಿಸಿದ್ದಾರೆ. ಖಾಲಿ ಚೌಕವೆಂದರೆ ಎರಡು ಖಾಂಬಗಳ ನಡುವೆ ಎರಡು ಸಾಖಳಿ. ತುಂಬಿದ ಚೌಕದಲ್ಲಿ ಸಾಖಳಿಯ ಜಾಗದಲ್ಲೂ ಖಾಂಬಗಳೇ. ಅಕ್ಕೋರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಇನ್ನೊಂದು ತಿಂಗಳು ದಪ್ಪ ದಾರದಲ್ಲೇ ಕೈ ಪಳಗಿಸು, ಆಮೇಲೆ ಇದನ್ನು ಮುಟ್ಟು” ಎಂದರು. ಕೊನೆಯ ಗಿಣಿಯ ಬಾಲದಲ್ಲಿ ಏಳು ತುಂಬಿದ ಚೌಕಗಳು ಬಿಚ್ಚಿಹೋಗಿವೆ. ಎಣಿಸಿ ಬರೆದಿಟ್ಟುಕೊಂಡಿದ್ದೇನೆ.