ಯೆಸ್ ಬಳಗದ ಐದು ಆಲ್ಬಂ: ನನ್ನ ಮತ ಯಾರಿಗೆ?

'ರಿಲೇಯರ್' ಆಲ್ಬಂ ಮುಗಿದ ಮೇಲೆ ಬ್ರಿಟನ್ನಿನ ಪ್ರೋಗ್ರೆಸಿವ್ ರಾಕ್ (ಪ್ರೋಗ್) ಬ್ಯಾಂಡ್ ಯೆಸ್‌ನ ಐವರೂ ತಲಾ ಒಂದೊಂದು ಸೋಲೋ ಆಲ್ಬಂ ಮಾಡಿದರು. 1975–76ರಲ್ಲಿ ಬಂದ ಆ ಐದರಲ್ಲಿ ಯಾವುದು ಮೇಲು ಎಂದು ಅಭಿಮಾನಿಗಳು ಇವತ್ತಿಗೂ ಮತ ಹಾಕುತ್ತಾರೆ. ನಾನೂ ಐದನ್ನೂ ಒಂದರ ಹಿಂದೊಂದು ಕೇಳಿ ನೋಡಿದೆ. ನಿಜವಾದ ಪೈಪೋಟಿ ಇರುವುದು ಬೇಸ್ ಗಿಟಾರ್ ವಾದಕ ಕ್ರಿಸ್ ಸ್ಕ್ವೈರ್ ಮತ್ತು ಗಾಯಕ ಜಾನ್ ಆಂಡರ್ಸನ್ ನಡುವೆ.

ಆಂಡರ್ಸನ್ 'ಓಲಿಯಸ್ ಆಫ್ ಸನ್‌ಹಿಲೋ'ದಲ್ಲಿ ಹಾಡಿದ್ದೂ ತಾನೇ, ಎಲ್ಲ ವಾದ್ಯ ನುಡಿಸಿದ್ದೂ ತಾನೇ. ನಾಲ್ಕು ಕುಲಗಳನ್ನು ಹಡಗಿಗೆ ಹತ್ತಿಸಿ ಹೊಸ ಗ್ರಹಕ್ಕೆ ಕರೆದೊಯ್ಯುವ ಕಥೆ. ಹಾರ್ಪ್, ಸಿಂಥ್, ಪದರ ಪದರವಾಗಿ ಅವನದೇ ಕಂಠ. ಅಷ್ಟು ಸಾಹಸಕ್ಕೇ ಮತ ಕೊಡಬೇಕು ಅನ್ನಿಸುತ್ತದೆ. ಆದರೆ ಎದುರಿಗೆ ಇನ್ನೊಬ್ಬ ವಾದಕನಿಲ್ಲದ ಕೊರತೆ ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಸಂಗೀತ ತೇಲುತ್ತದೆ, ಎಲ್ಲೂ ನೆಲಕ್ಕೆ ಕಾಲೂರಿ ನಿಲ್ಲುವುದಿಲ್ಲ.

ಸ್ಕ್ವೈರ್‌ನ 'ಫಿಶ್ ಔಟ್ ಆಫ್ ವಾಟರ್' ಊರುವುದೇ ಅಲ್ಲಿ. ಮೊದಲ ಹಾಡು 'ಹೋಲ್ಡ್ ಔಟ್ ಯುವರ್ ಹ್ಯಾಂಡ್'ನಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಪೈಪ್ ಆರ್ಗನ್, ಅದರಡಿ ರಿಕನ್‌ಬ್ಯಾಕರ್ ಬೇಸ್‌ನ ಆ ಗಡಸು ದನಿ. ಗಿಟಾರಿನ ಕೆಲಸವನ್ನೂ ಬೇಸೇ ಹೊತ್ತುಕೊಂಡಿದೆ. ಡ್ರಮ್ಸ್‌ಗೆ ಯೆಸ್‌ನ ಹಳೆಯ ಡ್ರಮ್ಮರ್ ಬಿಲ್ ಬ್ರೂಫರ್ಡ್ ಬಂದಿದ್ದಾನೆ. 'ಲಕಿ ಸೆವೆನ್' ಏಳರ ಎಣಿಕೆಯಲ್ಲಿ ನಡೆಯುತ್ತದೆ, ಮೆಲ್ ಕಾಲಿನ್ಸ್‌ನ ಸ್ಯಾಕ್ಸೊಫೋನ್ ಅದಕ್ಕೆ ಹಗುರ ಹೆಜ್ಜೆ ಕೊಡುತ್ತದೆ. ಕೊನೆಯ 'ಸೇಫ್' ಸುಮಾರು ಕಾಲು ಗಂಟೆಯದು. ಒಂದೇ ಸ್ವರಮಾಲೆ ಮತ್ತೆ ಮತ್ತೆ ಬಂದು, ಆಂಡ್ರೂ ಪ್ರೈಸ್ ಜ್ಯಾಕ್‌ಮನ್ ಹೆಣೆದ ಆರ್ಕೆಸ್ಟ್ರಾ ಅದರ ಸುತ್ತ ಬೆಳೆಯುತ್ತಾ ಹೋಗುತ್ತದೆ. ಸ್ವಲ್ಪ ಉದ್ದವಾಯಿತು ಎನ್ನುವವರಿದ್ದಾರೆ. ನನಗೆ ಒಂದು ನಿಮಿಷವೂ ಹೆಚ್ಚೆನಿಸಿಲ್ಲ. ಯೆಸ್‌ನ ಬೆನ್ನೆಲುಬು ಯಾರೆಂದು ಈ ಆಲ್ಬಂ ಕೇಳಿದರೆ ಗೊತ್ತಾಗುತ್ತದೆ. ನನ್ನ ಮತ ಇದಕ್ಕೇ.

ಸ್ಟೀವ್ ಹೌನ 'ಬಿಗಿನಿಂಗ್ಸ್' ಗಿಟಾರಿಗಾಗಿ ಕೇಳಬೇಕಾದದ್ದು. ಹಾಡುಗಾರಿಕೆ ಅವನ ಶಕ್ತಿಯಲ್ಲ. ಗಾಯನವಿಲ್ಲದ 'ರ‍್ಯಾಮ್'ನಲ್ಲಿ ಅವನು ಅರಳುತ್ತಾನೆ. ಡ್ರಮ್ಮರ್ ಅಲನ್ ವೈಟ್‌ನ 'ರ‍್ಯಾಮ್‌ಷ್ಯಾಕಲ್ಡ್' ಸೋಲ್, ಫಂಕ್ ಕಡೆ ವಾಲುತ್ತದೆ, ಪ್ರೋಗ್ ಹುಡುಕಿ ಬಂದವರಿಗೆ ಸಿಗುವುದು ಕಡಿಮೆ.

ಆದರೆ ಪ್ಯಾಟ್ರಿಕ್ ಮೊರಾಜ್‌ನ 'ದಿ ಸ್ಟೋರಿ ಆಫ್ ಐ'ಗೆ ಇಷ್ಟು ಕಡಿಮೆ ಮತ ಬೀಳುವುದು ನನಗೆ ಬೇಸರ. ಬ್ರೆಜಿಲ್ ತಾಳವಾದ್ಯಗಳ ಮೇಲೆ ಕೀಬೋರ್ಡ್‌ಗಳನ್ನು ಹರಿಬಿಟ್ಟ ಆ ಧೈರ್ಯ ಉಳಿದ ನಾಲ್ವರಲ್ಲಿ ಕಾಣುವುದಿಲ್ಲ. ಎರಡನೇ ಮತ ಹಾಕಲು ಬಿಟ್ಟರೆ ಆಂಡರ್ಸನ್‌ಗೂ ಮೊದಲು ಅವನಿಗೇ ಹಾಕುತ್ತೇನೆ.