200 ಕಾಳಗದ ಟ್ರ್ಯಾಕ್, 1,499 ರೂಪಾಯಿ: ತೆಗೊಳ್ಬೇಡಿ ಮಾರಾಯ್ರೆ

ಇನ್‌ಸ್ಟಾಗ್ರಾಮಿನಲ್ಲಿ ಒಂದು ಜಾಹೀರಾತು ತಿರುಗ್ತಾ ಉಂಟು. ಬೆಂಕಿ ಉಗುಳುವ ಡ್ರ್ಯಾಗನ್, ಅದರ ಮೇಲೆ ಇಪ್ಪತ್ತು ಮುಖದ ದಾಳ, ಕೆಳಗೆ "200 ಯುದ್ಧ ಸಂಗೀತ, ಜೀವನಪೂರ್ತಿ ರಾಯಲ್ಟಿ ಫ್ರೀ, 1,499 ಮಾತ್ರ". ನಿಮ್ಮ ಫೋನಿಗೂ ಬಂದಿದ್ದರೆ ಮುಟ್ಟಬೇಡಿ. ನಾನು ಮುಟ್ಟಿ ಕೂತವ.

ಮಂಗಳೂರಿನ ಕದ್ರಿ ಹತ್ತಿರದ ಬಾಡಿಗೆ ಫ್ಲ್ಯಾಟಿನಲ್ಲಿ ನಾವು ಐದು ಜನ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸ್ತಾ ಕಥೆ ಕಟ್ಟುವ ಆಟ. ಕಥೆ ನಡೆಸುವ ಡಂಜನ್ ಮಾಸ್ಟರ್ ನಾನೇ. ಆಟ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ನಮ್ಮ ಕಥೆ ನಡೆಯುವುದು ಘಟ್ಟದ ಬುಡದಲ್ಲಿ, ಮಾತು ಕನ್ನಡ, ಬೈಗುಳ ತುಳು. ಗುಂಪಿನಲ್ಲಿದ್ದ ಒಬ್ಬ ಕೆಲಸಕ್ಕೆ ಮಸ್ಕತ್ತಿಗೆ ಹೋದ. ಅವನಿಗೆ ಕೇಳ್ಲಿಕ್ಕೆ ಆಗಲಿ ಅಂತ ಪ್ರತಿ ವಾರದ್ದನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕತೊಡಗಿದೆ.

ಕಾಳಗಕ್ಕೆ ಸಂಗೀತ ಯಾಕೆ ಬೇಕು ಅಂತ ಆಡದವರು ಕೇಳಬಹುದು. ಈ ಆಟದಲ್ಲಿ ಒಂದು ಸುತ್ತು ಅಂದರೆ ಕಥೆಯೊಳಗೆ ಆರು ಸೆಕೆಂಡು. ನಾಲ್ಕು ಸುತ್ತಿನ ಜಗಳ ಇಪ್ಪತ್ನಾಲ್ಕು ಸೆಕೆಂಡಿನದ್ದು. ನಮ್ಮ ಮೇಜಿನ ಮೇಲೆ ಅದು ಒಂದು ಗಂಟೆ ಹತ್ತು ನಿಮಿಷ ಎಳೆಯುತ್ತದೆ. ಒಬ್ಬ ದಾಳ ಉರುಳಿಸುವಾಗ ಉಳಿದ ಮೂವರು ಫೋನು ನೋಡ್ತಾರೆ. ಹಿಂದೆ ಏನಾದರೂ ಬಡಿಯುತ್ತಿದ್ದರೆ ಮನಸ್ಸು ಮೇಜು ಬಿಟ್ಟು ಹೋಗುವುದಿಲ್ಲ. ಮೊದಲು ಯೂಟ್ಯೂಬಿನಿಂದಲೇ ಹಾಕ್ತಿದ್ದೆ. ಬ್ರಹ್ಮರಾಕ್ಷಸನ ತಲೆ ಹಾರುವ ಹೊತ್ತಿಗೆ ಸರಿಯಾಗಿ ಟೈಲ್ಸ್ ಜಾಹೀರಾತು ಬಂತು. ಆವತ್ತೇ ರಾತ್ರಿ ಯುಪಿಐಯಲ್ಲಿ 1,499 ಕಳಿಸಿದೆ.

ಡ್ರೈವ್ ಲಿಂಕ್ ಬಂತು. "ವಾರ್ 001"ರಿಂದ "ವಾರ್ 200"ರವರೆಗೆ ಎಂಪಿ3 ಫೈಲುಗಳು. ಕಲಾವಿದರ ಹೆಸರಿರಬೇಕಾದ ಜಾಗ ಎಲ್ಲದರಲ್ಲೂ ಖಾಲಿ. ಒಟ್ಟಿಗೆ "ಲೈಸೆನ್ಸ್" ಅಂತ ಒಂದು ಪುಟದ ಪಿಡಿಎಫ್, ಅದರಲ್ಲೂ ಸಂಗೀತ ಮಾಡಿದವರ ಹೆಸರಿಲ್ಲ. ನನಗೆ ಅಲ್ಲೇ ತಲೆ ಓಡಬೇಕಿತ್ತು.

ಮೊದಲ ಕಿರಿಕಿರಿ ಸಣ್ಣದು. ಎರಡು ನಿಮಿಷ ಚಿಲ್ಲರೆಯ ಟ್ರ್ಯಾಕ್ ಒಂದೇ ಜಗಳದಲ್ಲಿ 30ಕ್ಕೂ ಹೆಚ್ಚು ಸಲ ತಿರುಗಬೇಕು. ಪ್ರತಿ ಸಲ ತಿರುಗುವಾಗ ಒಂದು ಕ್ಷಣ ಕಡಿತ, ಬಸ್ಸು ಹಂಪ್ ಹಾರಿದ ಹಾಗೆ. ಎಂಪಿ3 ಮಾಡುವಾಗ ಫೈಲಿನ ತಲೆಗೂ ಬಾಲಕ್ಕೂ ಚೂರು ಮೌನ ಅಂಟಿಕೊಳ್ಳುತ್ತದೆ. ಹೀಗೆ ತಿರುಗಿ ತಿರುಗಿ ಹಾಕ್ಲಿಕ್ಕೆ ಆ ಮೌನ ಅಂಟದ ವೇವ್ ಫೈಲೇ ಸರಿ. ಇದು ಗೊತ್ತಾದದ್ದು ಆಮೇಲೆ.

ಇನ್ನೊಂದು ಕಥೆ ಮಜಾ ಉಂಟು. ಜೂನ್ ತಿಂಗಳು, ಹೊರಗೆ ಜಡಿಮಳೆ. ಗುಹೆಯಲ್ಲಿ ಕಾಳಗ, "ವಾರ್ 037" ಓಡ್ತಾ ಇತ್ತು. ನಮ್ಮ ಕಳ್ಳ ಪಾತ್ರದವ ದಾಳ ಕೈಯಲ್ಲಿ ಹಿಡಿದವ ಹಾಗೇ ನಿಂತ.

"ಎಂತ ಮಾರಾಯ ಅದು? ಯಾರೋ ಹೆಂಗಸು ಪಿಸುಗುಟ್ಟಿದ ಹಾಗೆ ಕೇಳಿತು."

ಎಲ್ಲರೂ ಕಿವಿಗೊಟ್ಟರು. ತಮಟೆಯ ಅಡಿಯಲ್ಲಿ, ಹೌದು, ಒಂದು ಹೆಣ್ಣು ದನಿ. ಹದಿನೈದು ಇಪ್ಪತ್ತು ಸೆಕೆಂಡಿಗೊಮ್ಮೆ. ಮಳೆಯ ಸದ್ದಿಗೆ ಶಬ್ದ ಸ್ಪಷ್ಟ ಇಲ್ಲ. ಅವ ಪರ್ಸೆಪ್ಶನ್‌ಗೆ, ಅಂದರೆ ತನ್ನ ಪಾತ್ರಕ್ಕೆ ಏನು ಕೇಳಿತು ಅಂತ ತಿಳಿಯಲಿಕ್ಕೆ, ದಾಳ ಹಾಕಿಯೇ ಬಿಟ್ಟ, ಇಪ್ಪತ್ತರಲ್ಲಿ 19 ಬಿತ್ತು. ಡಂಜನ್ ಮಾಸ್ಟರ್ ಆದವನು "ಗೊತ್ತಿಲ್ಲ" ಅನ್ನಬಾರದು. ಬಂಡೆಯೊಳಗೆ ಸೆರೆಯಾದ ಯಕ್ಷಿ ಅಂದೆ. ಮುಂದಿನ ಮೂರು ಭಾನುವಾರ ಅವಳನ್ನು ಬಿಡಿಸುವುದೇ ನಮ್ಮ ಕಥೆ.

ಆಮೇಲೆ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಅದೇ ಟ್ರ್ಯಾಕ್ ಕೇಳಿದೆ. ಪಡುಬಿದ್ರಿ ದಾಟುವಾಗ ದನಿ ಸ್ಪಷ್ಟವಾಯಿತು. ಯಕ್ಷಿ ಹೇಳ್ತಾ ಇದ್ದದ್ದು ಸಂಗೀತ ಮಾರುವ ಒಂದು ವಿದೇಶಿ ತಾಣದ ಹೆಸರು. ಸ್ಯಾಂಪಲ್ಲನ್ನೇ ಯಾರೂ ಹೊತ್ತೊಯ್ಯದಿರಲಿ ಅಂತ ಅಂಥ ತಾಣದವರು ನಡುನಡುವೆ ತಮ್ಮ ಹೆಸರು ಹೇಳಿಸಿರ್ತಾರೆ. ನನಗೆ ಮಾರಿದವ ಆ ಸ್ಯಾಂಪಲ್ಲನ್ನೇ ಇಳಿಸಿಕೊಂಡು ನಂಬರು ಕೊಟ್ಟು ಮಾರಿದ್ದ.

ಅಷ್ಟೊತ್ತಿಗೆ ಬೇರೆಯವರ ಹಕ್ಕಿನ ಹಾಡನ್ನು ತಾನೇ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ನಮ್ಮ 11 ವಿಡಿಯೋಗಳಲ್ಲಿ 7ನ್ನು ಹಿಡಿದಾಗಿತ್ತು. ಹಕ್ಕಿನವರು ಬಯಸಿದರೆ ವಿಡಿಯೋ ಹಾಗೇ ಬಿಟ್ಟು ಜಾಹೀರಾತಿನ ದುಡ್ಡು ತಾವು ತೆಗೊಳ್ತಾರೆ, ಇಲ್ಲವಾದರೆ ಕೆಲವು ದೇಶಗಳಲ್ಲಿ ತಡೆಯುತ್ತಾರೆ. ನಮ್ಮ ಚಾನೆಲ್ಲಿಗೆ ಬರುವ ದುಡ್ಡು ಸೊನ್ನೆ, ಅದು ಹೋದರೆ ಹೋಗಲಿ. ಆದರೆ ಎರಡು ವಿಡಿಯೋ ಒಮಾನಿನಲ್ಲೇ ತೆರೆಯಲಿಲ್ಲ. ಯಾರಿಗೋಸ್ಕರ ಇಷ್ಟೆಲ್ಲ ಮಾಡಿದೆನೋ ಅವನಿಗೇ ಇಲ್ಲ!

ಆ ಪಿಡಿಎಫ್ ಹಿಡಿದು ಆಕ್ಷೇಪ ಹಾಕಿದೆ. ಎದುರಿನವರಿಗೆ ಉತ್ತರಿಸಲು 30 ದಿನ ಇರುತ್ತದೆ. ಅವರು ಆರೇ ದಿನದಲ್ಲಿ ತಿರಸ್ಕರಿಸಿದರು. ಮೇಲ್ಮನವಿ ಹಾಕಿ ಸೋತರೆ ಸ್ಟ್ರೈಕ್, ಅಂದರೆ ಚಾನೆಲ್ಲಿನ ಮೇಲೆ ಹಕ್ಕುಸ್ವಾಮ್ಯದ ಎಚ್ಚರಿಕೆ, ಬೀಳಬಹುದು, 90 ದಿನದೊಳಗೆ ಅಂಥ ಮೂರು ಬಿದ್ದರೆ ಚಾನೆಲ್ಲೇ ಹೋಗಬಹುದು. ಕೈಬಿಟ್ಟೆ. ಹಾಡು ಮಾತ್ರ ಅಳಿಸುವ ಸೌಲಭ್ಯ ಯೂಟ್ಯೂಬಿನಲ್ಲಿ ಉಂಟು, ಅದನ್ನೂ ನೋಡಿದೆ. ಮೇಜಿನ ನಡುವೆ ಒಂದೇ ಮೈಕು, ಪಕ್ಕದಲ್ಲೇ ಬ್ಲೂಟೂತ್ ಸ್ಪೀಕರು ಇಟ್ಟಿದ್ದೆ. ತಮಟೆಯೊಟ್ಟಿಗೆ ನಮ್ಮ ಮಾತೂ ಕೊಚ್ಚಿ ಹೋಯಿತು. ಏಳನ್ನೂ ಡಿಲೀಟ್ ಮಾಡಿದೆ. ಇದರಲ್ಲಿ ಮಾರಿದವನದ್ದಷ್ಟೇ ತಪ್ಪಲ್ಲ, ನನ್ನದೂ ಉಂಟು. ನೀವು ಸೆಷನ್ ರೆಕಾರ್ಡ್ ಮಾಡುವುದಾದರೆ ಸಂಗೀತ ಕೋಣೆಯಲ್ಲಿ ಮೈಕಿಗೆ ಬೀಳದ ಹಾಗೆ ನೋಡಿಕೊಳ್ಳಿ, ಬೇಕಾದರೆ ಎಡಿಟ್ ಮಾಡುವಾಗ ಬೇರೆ ಟ್ರ್ಯಾಕಿನಲ್ಲಿ ಸೇರಿಸಿ. ನಾಳೆ ತಕರಾರು ಬಂದರೆ ಅದೊಂದನ್ನೇ ಕಿತ್ತು ಹಾಕಬಹುದು.

ಮಾರಿದವನಿಗೆ ಮೆಸೇಜು ಹಾಕಿದೆ. "ರಾಯಲ್ಟಿ ಫ್ರೀ ಅಂದ್ರೆ ಫ್ರೀ ಅಲ್ವಾ ಸರ್" ಅಂದು ಬ್ಲಾಕ್ ಮಾಡಿದ. ಅಲ್ಲ ಸ್ವಾಮಿ. ಒಮ್ಮೆ ದುಡ್ಡು ಕೊಟ್ಟರೆ ಪ್ರತಿ ಸಲ ಬಳಸುವಾಗ ಮತ್ತೆ ಕೊಡಬೇಕಿಲ್ಲ ಅಂತಷ್ಟೇ ಅದರರ್ಥ. ಹಕ್ಕು ಮಾಡಿದವರದ್ದೇ. ಆ ದುಡ್ಡು ಅವರಿಗೆ ಮುಟ್ಟಿರಬೇಕು, ಅನುಮತಿ ಅವರಿಂದ ಬಂದಿರಬೇಕು. ಕ್ರಿಯೇಟಿವ್ ಕಾಮನ್ಸಿನಲ್ಲಿ, ಅಂದರೆ ಇಂತಿಂಥ ಷರತ್ತಿಗೆ ಯಾರೂ ಬಳಸಬಹುದು ಅಂತ ಮಾಡಿದವರೇ ಬಿಟ್ಟ ಸಂಗೀತ ಬೇಕಾದಷ್ಟು ಸಿಗ್ತದೆ. "ಬಿವೈ" ಅಂತ ಮಾತ್ರ ಇದ್ದರೆ ಮಾಡಿದವರ ಹೆಸರು ಹಾಕಿ ಬಳಸಿ, "ಎನ್‌ಸಿ" ಇದ್ದರೆ ಅದರಿಂದ ದುಡ್ಡು ಮಾಡುವ ಹಾಗಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ.

ನಮ್ಮ ಕಡೆ ಆಟ ಅಂದರೆ ಯಕ್ಷಗಾನ. ಅದನ್ನು ನೋಡಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಭಾಗವತರು ಏರು ಪದ್ಯ ಎತ್ತಿದರೆ ಚೆಂಡೆ ಗುಡುಗುತ್ತದೆ, ಪದ್ಯ ಮುಗಿದು ವೇಷ ಅರ್ಥ ಹೇಳತೊಡಗಿದರೆ ಕೋಲು ಸುಮ್ಮನಾಗುತ್ತದೆ. ನಾನೋ, ಐದು ಜನ ಮಾತಾಡುವುದರ ಮೇಲೆ ಒಂದು ಗಂಟೆ ಬಿಡದೆ ಬಡಿಸಿದ್ದೆ. ಈಗ ಗೆಳೆಯನ ತಮ್ಮನನ್ನು ಕರೆಸಿದ್ದೇವೆ, ಚೆಂಡೆ ಕಲಿಯುತ್ತಿರುವ ಹುಡುಗ. ಯಾವುದೋ ಮೇಳದ ರೆಕಾರ್ಡಿಂಗ್ ಎತ್ತಿಕೊಂಡರೆ ಮತ್ತೆ ಅದೇ ಕಥೆ, ಕಲಾವಿದರಿಗೂ ಕಾನೂನಿನಲ್ಲಿ ಹಕ್ಕುಂಟು. ಇವನದ್ದೇ ಕೈಯಲ್ಲಿ ನಾಲ್ಕು ತುಣುಕು ಬಾರಿಸಿ ತೆಗೆದುಕೊಂಡೆವು: ಇಬ್ಬರೂ ಎದುರಾಗುವಾಗ, ಜಗಳ ಏರುವಾಗ, ಯಾರಾದರೂ ಬೀಳುವಾಗ, ಓಡುವಾಗ. ದಾಳ ಉರುಳುವಾಗ ಮಾತ್ರ ಹಾಕ್ತೇನೆ, ಮಾತು ಶುರುವಾದರೆ ನಿಲ್ಲಿಸ್ತೇನೆ.

ಯಕ್ಷಿಯನ್ನು ಕಥೆಯಿಂದ ತೆಗೆಯಲು ಹುಡುಗರು ಬಿಡ್ತಿಲ್ಲ. ಬರುವ ಭಾನುವಾರದ ಪಿಸುಮಾತಿಗೆ ನನ್ನ ತಂಗಿ ಒಪ್ಪಿದ್ದಾಳೆ. ರಾಯಲ್ಟಿ ಎರಡು ಗಡ್‌ಬಡ್ ಐಸ್‌ಕ್ರೀಮ್, ಮುಂಗಡ ಕೊಡಬೇಕಂತೆ.