ದುಬೈ ಡಿಕ್ರಿಗೆ ಮಂಗಳೂರಿನಲ್ಲಿ ಕಡತ ಕಟ್ಟಿಕೊಡುವ ಸೇವೆ: ಏನು ಸರಿ, ಎಲ್ಲಿ ಎಡವಟ್ಟು

ಮಂಗಳೂರು ಕೋರ್ಟ್ ಆವರಣದ ಹತ್ತಿರದ ಈ ಕಚೇರಿ ಯುಎಇ ಕೋರ್ಟುಗಳ ಹಣದ ಡಿಕ್ರಿಗಳಿಗೆ (ಹಣ ಕೊಡಬೇಕೆಂಬ ಕೋರ್ಟ್ ತೀರ್ಮಾನಗಳಿಗೆ) ಅಮಲ್ಜಾರಿ ಕಡತ, ಅಂದರೆ ಅವನ್ನು ಇಲ್ಲಿ ಜಾರಿ ಮಾಡಿಸಲು ಬೇಕಾದ ಕಾಗದಪತ್ರ, ಸಿದ್ಧಪಡಿಸಿಕೊಡುತ್ತದೆ. ಅನುವಾದದ ಕೆಲಸ ನಿಜಕ್ಕೂ ಚೆನ್ನಾಗಿದೆ. ಅರಬ್ಬಿ ತೀರ್ಪಿನ ಪ್ರತಿ ಪುಟಕ್ಕೂ ಅನುವಾದಕರ ಸಹಿ ಇರುತ್ತದೆ, ಹೆಸರಿನ ಕಾಗುಣಿತ ಪಾಸ್‌ಪೋರ್ಟ್‌ಗೆ ತಾಳೆಯಾಗುತ್ತದೆ. ಡಿಐಎಫ್‌ಸಿ (ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರ) ಕೋರ್ಟಿನ ತೀರ್ಪು ಇಂಗ್ಲಿಷಿನಲ್ಲೇ ಇರುವುದರಿಂದ ಅದಕ್ಕೆ ಅನುವಾದದ ದುಡ್ಡು ಕೊಡಬೇಡಿ.

ಕೇಂದ್ರ ಸರ್ಕಾರದ 2020ರ ಜನವರಿ 17ರ ಅಧಿಸೂಚನೆಯ ನಂತರ ಯುಎಇ ಡಿಕ್ರಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ನೇರ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿಗೆ ಹಾಕಬಹುದು. ಅದಕ್ಕೆ ಡಿಕ್ರಿಯ ದೃಢೀಕೃತ ಪ್ರತಿಯ ಜೊತೆ, ಎಷ್ಟು ಹಣ ಈಗಾಗಲೇ ವಸೂಲಾಗಿದೆ ಎಂದು ಅದೇ ಕೋರ್ಟ್ ಕೊಡುವ ಪ್ರಮಾಣಪತ್ರವೂ ಬೇಕು. ಈ ಕಚೇರಿಯ ಪಟ್ಟಿಯಲ್ಲಿ ಆ ಪತ್ರವೇ ಇಲ್ಲ! ಅದನ್ನು ದುಬೈಯಲ್ಲಿರುವಾಗಲೇ ಕೇಳಿ ಪಡೆಯಿರಿ, ಊರಿಗೆ ಬಂದ ಮೇಲೆ ತರಿಸುವುದು ಬಲು ಕಷ್ಟ.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ. ಡಿಕ್ರಿ ಏಕಪಕ್ಷೀಯವಾಗಿದ್ದರೆ (ಎದುರಿನವರು ಹಾಜರಾಗದೆ ಆಗಿದ್ದರೆ) ಅವರು ಅದೇ ಸಂಹಿತೆಯ 13ನೇ ಕಲಮನ್ನೇ, ಅಂದರೆ ವಿದೇಶಿ ತೀರ್ಪನ್ನು ಯಾವಾಗ ಒಪ್ಪಬೇಕಿಲ್ಲ ಎಂದು ಹೇಳುವ ಕಲಮನ್ನೇ, ಹಿಡಿಯುತ್ತಾರೆ: ಸಮನ್ಸ್ ಮುಟ್ಟಿಲ್ಲ, ಸಾಕ್ಷ್ಯ ನೋಡದೆ ತೀರ್ಪಾಗಿದೆ ಎಂದು. ಸಮನ್ಸ್ ಜಾರಿಯ ದಾಖಲೆ, ಸಾಕ್ಷ್ಯದ ಪ್ರತಿ ಕಡತದಲ್ಲಿರಲೇಬೇಕು. ಇಲ್ಲಿ ಅವನ್ನು ಯಾರೂ ಕೇಳುವುದಿಲ್ಲ.

ಅಮೆರಿಕದ ತೀರ್ಪಿಗೆ ಈ ಪ್ಯಾಕೇಜ್ ತೆಗೆದುಕೊಳ್ಳಲೇಬೇಡಿ. ಅದಕ್ಕೆ 44ಎ ಕಲಮಿನ ನೇರ ದಾರಿ ಇಲ್ಲ, ಅದರ ಆಧಾರದ ಮೇಲೆ 3 ವರ್ಷದೊಳಗೆ ಹೊಸ ದಾವೆಯನ್ನೇ ಹೂಡಬೇಕು. ಅನುವಾದಕ್ಕಷ್ಟೇ ಇಲ್ಲಿಗೆ ಹೋಗಿ, ಉಳಿದ ಕಡತವನ್ನು ಅಮಲ್ಜಾರಿ ಪ್ರಕರಣ ನಡೆಸಿ ಗೊತ್ತಿರುವ ವಕೀಲರಿಗೆ ತೋರಿಸಿ.